ನಿಮ್ಮ ಡಬ್ಬಿಯ ಮೇಲಿನ ಸೂರ್ಯನ ವಿಷಯ

‘ಥಳಕ್’ ಕಾರ್ ವ್ಯಾಕ್ಸ್ ತಯಾರಿಸುವ ಕಂಪನಿಯ ಗ್ರಾಹಕ ಸಂತೃಪ್ತಿ ವಿಭಾಗದ ಮುಖ್ಯಸ್ಥರಿಗೆ, ಚನ್ನಪಟ್ಟಣದಿಂದ ಬಹಿರಂಗವಾಗಿ

ಮಾನ್ಯರೇ, ಹಾಗೂ ಡಬ್ಬಿಯ ಮುಚ್ಚಳದ ಮೇಲೆ ಆ ಚಿತ್ರ ಬರೆದ ಕಲಾವಿದರು ಇನ್ನೂ ತಮ್ಮಲ್ಲೇ ಕೆಲಸದಲ್ಲಿದ್ದರೆ, ಅಷ್ಟೇ ಮಾನ್ಯರಾದ ಅವರೇ,

ತಮ್ಮ ಕಾರ್ಖಾನೆ ಸುಸೂತ್ರವಾಗಿ ನಡೆಯುತ್ತಿದೆಯೆಂದೂ, ತಮ್ಮ ಕಚೇರಿಯ ಮುಂದೆ ನಿಂತಿರುವ ಕಾರುಗಳೆಲ್ಲ ನೆರಳಿನಲ್ಲಿಯೇ ನಿಂತಿವೆಯೆಂದೂ ಹಾರೈಸುತ್ತಾ, ಚನ್ನಪಟ್ಟಣದ ಬೊಂಬೆ ಕೆಲಸಗಾರ ಅಂಕಯ್ಯ ಎಂಬ ನಾನು ತಮಗೆ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ನಾನು ಮೂವತ್ತಾರು ವರ್ಷ ಲೇತಿನ ಮುಂದೆ ಕುಳಿತು ಬುಗುರಿ, ಗಿಲಕಿ, ತೊಟ್ಟಿಲ ಬೊಂಬೆಗಳನ್ನು ಕಡೆದು ಅವಕ್ಕೆ ಅರಗಿನ ಬಣ್ಣ ಹಾಕಿದವನು. ಬೆಳಿಗ್ಗೆ ಕಾಫಿಯ ಜೊತೆ ದಿನಪತ್ರಿಕೆಯನ್ನು ಮೊದಲ ಪುಟದಿಂದ ಟೆಂಡರ್ ಪ್ರಕಟಣೆಗಳವರೆಗೆ ಓದುವ ಅಭ್ಯಾಸವಿದೆ. ಓದುಗರ ಪತ್ರಗಳ ಅಂಕಣಕ್ಕೆ ಇದುವರೆಗೆ ಹನ್ನೊಂದು ಪತ್ರ ಬರೆದಿದ್ದೇನೆ. ನಾಲ್ಕು ಅಚ್ಚಾಗಿವೆ. ಅವುಗಳಲ್ಲಿ ಒಂದರ ಫಲವಾಗಿ ನಮ್ಮ ಬೀದಿಯ ದೀಪ ಹತ್ತಿ, ಎರಡು ವಾರ ಉರಿಯಿತು. ಇದನ್ನು ಹೇಳಿದ್ದು ಹೆಮ್ಮೆಗಲ್ಲ, ಪತ್ರ ಬರೆಯುವುದರಲ್ಲಿ ನಾನು ಹೊಸಬನಲ್ಲ ಎಂದು ತಮಗೆ ತಿಳಿದಿರಲಿ ಎಂದು.

ಆದರೆ ಈ ಹನ್ನೆರಡನೆಯ ಪತ್ರವನ್ನು ನಾನಾಗಿಯೇ ಬರೆಯುತ್ತಿಲ್ಲ. ಇದು ನನಗೆ ವಿಧಿಸಿರುವ ದಂಡ. ಯಾವ ತಪ್ಪಿಗೆ, ಯಾರು ವಿಧಿಸಿದರು ಎಂಬುದು ಮುಂದೆ ತಾನಾಗಿಯೇ ತಿಳಿಯುತ್ತದೆ. ಅಲ್ಲಿಯವರೆಗೆ ತಾವು ಕುರ್ಚಿಯಲ್ಲಿ ನೆಮ್ಮದಿಯಾಗಿ ಒರಗಿ ಕುಳಿತು ಓದಬೇಕೆಂದು ಕೋರುತ್ತೇನೆ.

ಮೊದಲಿಗೆ ತಮ್ಮ ಡಬ್ಬಿಯನ್ನು ಹೊಗಳಬೇಕು. ಅಂಗೈಯಗಲದ, ದುಂಡನೆಯ, ತೆರೆದರೆ ಬಾಳೆಹಣ್ಣಿನ ವಾಸನೆ ಬರುವ ಅಂತಹ ಡಬ್ಬಿಯನ್ನು ನಾನು ಈವರೆಗೆ ಕಂಡಿರಲಿಲ್ಲ. ಮುಚ್ಚಳದ ಮೇಲೆ ಒಂದು ಕೆಂಪು ಕಾರು, ಅದರ ಬಾನೆಟ್ಟಿನ ಮೇಲೆ ಮಿಂಚುವ ಒಂದು ನಕ್ಷತ್ರ, ಪಕ್ಕದಲ್ಲಿ ಟೈ ಕಟ್ಟಿಕೊಂಡು ನಗುತ್ತಾ ಬಟ್ಟೆ ಆಡಿಸುತ್ತಿರುವ ಒಬ್ಬ ಮಹನೀಯರು, ಇವೆಲ್ಲಕ್ಕೂ ಮೇಲೆ ಹದಿನಾರು ಕಿರಣಗಳ ಹಳದಿ ಸೂರ್ಯ. ಕಿರಣಗಳನ್ನು ಎಣಿಸಿಯೇ ಹೇಳುತ್ತಿದ್ದೇನೆ. ಡಬ್ಬಿಯ ಹಿಂಬದಿಯಲ್ಲಿ ಬಳಸುವ ವಿಧಾನವನ್ನು ಏಳು ಭಾಷೆಗಳಲ್ಲಿ ಸಾಸಿವೆ ಕಾಳಿನಷ್ಟು ದಪ್ಪನೆಯ ಅಕ್ಷರಗಳಲ್ಲಿ ಅಚ್ಚು ಹಾಕಿಸಿರುವ ತಮ್ಮ ಔದಾರ್ಯ ದೊಡ್ಡದು. ಕನ್ನಡಕ್ಕೆ ಆರನೆಯ ಸ್ಥಾನ ಸಿಕ್ಕಿದೆ. ಆ ಸ್ಥಾನದ ಮೇಲೆ ಸರಿಯಾಗಿ ಅಂಗಡಿಯವರ ಬೆಲೆಚೀಟಿ ಅಂಟಿಕೊಂಡಿತ್ತು. ಚೀಟಿ ಅಂಟಿಸಿದ್ದು ನಾವಲ್ಲ ಎಂದು ತಾವು ಹೇಳಬಹುದು. ಒಪ್ಪುತ್ತೇನೆ. ಆದರೆ ಚೀಟಿಗೆ ಜಾಗ ಬೇಕಾದಾಗ ಅಂಗಡಿಯವರ ಕಣ್ಣು ಕನ್ನಡದ ಮೇಲೆಯೇ ಬೀಳುವಂತೆ ಅದನ್ನು ಮೂಲೆಗೆ ಕೂರಿಸಿದವರು ತಾವು.

ಇನ್ನು ಕಾರಿನ ವಿಷಯ. ಅದು ನನ್ನದಲ್ಲ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ಬೀಗರು ತಿಮ್ಮಯ್ಯನವರದು. ಅವರ ಹಿರಿಯ ಮಗಳು ಭಾನುಪ್ರಿಯಳನ್ನು ನನ್ನ ಮಗ ಲೋಕೇಶನಿಗೆ ತಂದುಕೊಂಡು ಎರಡು ವರ್ಷವಾಯಿತು. ತಿಮ್ಮಯ್ಯನವರ ವಂಶದಲ್ಲಿಯೇ ಮೊದಲನೆಯದಾದ ಆ ಕುಂಕುಮಗೆಂಪಿನ ಕಾರಿಗೆ ಹನ್ನೆರಡು ವರ್ಷ ವಯಸ್ಸು. ಅವರು ಹೊಲಕ್ಕೆ ನಡೆದು ಹೋಗುತ್ತಾರೆ, ಕಾರಿನಲ್ಲಿ ಹೋಗುವುದಿಲ್ಲ, ಧೂಳಾಗುತ್ತದೆಂದು. ಆದರೂ ಊರಿನ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದದ್ದರಿಂದ ಕಾರಿನ ಬಣ್ಣ ಮಂಕಾಗಿತ್ತು. ಕಿರಿಯ ಮಗಳು ಸುಮನಾಳ ನಿಶ್ಚಿತಾರ್ಥವನ್ನು ಮಾಗಡಿಯ ಛತ್ರವೊಂದರಲ್ಲಿ ಇಟ್ಟುಕೊಂಡು, ನಮ್ಮನ್ನು ಕರೆಯಲು ಬಂದಾಗ ಅವರು ಅದನ್ನೇ ಹೇಳಿ ನೊಂದುಕೊಂಡರು. ಹುಡುಗಿ ಛತ್ರದ ಮುಂದೆ ಇಳಿಯುವುದು ಆ ಕಾರಿನಿಂದಲೇ. ಗಂಡಿನ ಕಡೆಯವರು ಮೊದಲು ನೋಡುವುದೂ ಅದನ್ನೇ.

ಆಗ ನಾನು ಆಡಿದ ಮಾತನ್ನು ಮುಚ್ಚಿಡದೆ ಇಲ್ಲಿ ದಾಖಲಿಸುತ್ತಿದ್ದೇನೆ: “ಬೀಗ್ರೇ, ಮೂವತ್ತಾರು ವರ್ಸ ಪಾಲೀಸ್ ಮಾಡಿರೋ ಕೈ ಇದು. ಕಾರು ಅಂದ್ರೇನು, ಒಂದ್ ದೊಡ್ಡ ಬೊಂಬೆ. ನನ್ತಾವ ಬುಟ್ಟೋಗಿ.”

ತಿಮ್ಮಯ್ಯನವರು ಬೀಗತನಕ್ಕೆ ತಕ್ಕ ಹಾಗೆ, “ಬುಟ್ಟೋಗ್ತೀನಿ. ಬುಗ್ರಿ ಅಂದ್ಕಂಡು ದಾರ ಸುತ್ಬುಟ್ಟೀರಾ, ಒಸಿ ನೋಡ್ಕಳಿ,” ಎಂದರು. ಒಳಗಿನಿಂದ ನನ್ನ ಹೆಂಡತಿ ದೊಡ್ಡಲಕ್ಷ್ಮಮ್ಮ, “ನಮ್ಮನೆ ಬಾಗ್ಲು ಕಿರುಗುಟ್ತಾ ಆರು ತಿಂಗ್ಳಾಯ್ತು. ಅದ್ಕೊಂದ್ ತೊಟ್ಟು ಎಣ್ಣೆ ಬುಡೋಕೆ ಪುರ್ಸೊತ್ತಿಲ್ಲ, ಬೀಗ್ರ ಕಾರು ಅಂದ್ರೆ ಕೈ ಕಡೀತದೆ,” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಿಶ್ಚಿತಾರ್ಥ ಇದ್ದದ್ದು ಭಾನುವಾರ. ಬುಧವಾರ ಲೋಕೇಶ ಕಾರನ್ನು ತಂದು ನಮ್ಮ ಮನೆಯ ಪಕ್ಕದ ತಗಡಿನ ಚಾವಣಿಯ ಕೆಳಗೆ ನಿಲ್ಲಿಸಿದ. ಬರುವಾಗ ರಾಮನಗರದ ಅಂಗಡಿಯೊಂದರಲ್ಲಿ ತಮ್ಮ ಡಬ್ಬಿಯನ್ನೂ ತಂದ.

ಗುರುವಾರ ನಡೆದದ್ದು ತಮಗೆ ಅರ್ಥವಾಗಬೇಕಾದರೆ ನಮ್ಮ ಕಸುಬಿನ ಒಂದು ಸಂಗತಿ ತಿಳಿದಿರಬೇಕು. ಲೇತಿನಲ್ಲಿ ಮರ ಗಿರ್ರೆಂದು ತಿರುಗುತ್ತಿರುವಾಗ ನಾವು ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತೇವೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯ ತುಂಡನ್ನು ಅದರ ಮೇಲೆ ಬಲವಾಗಿ ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ, ಮುಖ ನೋಡಿಕೊಳ್ಳುವಂತಹ ಹೊಳಪು ಬರುತ್ತದೆ. ಬಿಸಿ ಇಲ್ಲದೆ ಹತ್ತುವುದಿಲ್ಲ, ಒತ್ತದೆ ಹೊಳೆಯುವುದಿಲ್ಲ. ಮೂವತ್ತಾರು ವರ್ಷದಲ್ಲಿ ನನ್ನ ಕೈ ಕಲಿತಿರುವುದು ಇಷ್ಟನ್ನೇ, ಮತ್ತು ಇದನ್ನು ಅದು ಚೆನ್ನಾಗಿ ಕಲಿತಿದೆ.

ಹೀಗಿರುವ ಕೈ ತಮ್ಮ ಮುಚ್ಚಳದ ಮೇಲಿನ ಸೂರ್ಯನನ್ನು ಕಂಡಾಗ ಏನಾಗಬೇಕೋ ಅದೇ ಆಯಿತು. ‘ನೋಡು, ಇವರಿಗೂ ಗೊತ್ತು, ಬಿಸಿ ಬೇಕು’ ಎಂದು ನನಗೆ ಬಹಳ ಸಂತೋಷವಾಯಿತು. ಕಾರನ್ನು ಚೆನ್ನಾಗಿ ತೊಳೆದು, ಒರೆಸಿ, ಲೋಕೇಶ ಕೆಲಸಕ್ಕೆ ಹೊರಡುವ ಮುಂಚೆ ಅವನಿಂದಲೇ ಅದನ್ನು ಚಾವಣಿಯ ಕೆಳಗಿನಿಂದ ಬಯಲಿಗೆ ತೆಗೆಸಿದೆ. ಹನ್ನೆರಡು ಗಂಟೆಯವರೆಗೆ ಕಾಯಲು ಬಿಟ್ಟೆ. ಬಾನೆಟ್ಟಿನ ಮೇಲೆ ಕೈ ಇಟ್ಟರೆ ಇಡಲಾಗದಷ್ಟು ಕಾದಾಗ, ತಮ್ಮ ವ್ಯಾಕ್ಸನ್ನು ರೊಟ್ಟಿಗೆ ಬೆಣ್ಣೆ ಬಳಿಯುವಂತೆ ಬಾನೆಟ್ಟಿನಿಂದ ಡಿಕ್ಕಿಯವರೆಗೆ, ಕಪ್ಪು ಪ್ಲಾಸ್ಟಿಕ್ ಪಟ್ಟಿಗಳನ್ನೂ ಬಿಡದೆ, ಒಂದೇ ಸಲಕ್ಕೆ ಧಾರಾಳವಾಗಿ ಬಳಿದೆ. ಅದು ಚೆನ್ನಾಗಿ ಹಿಡಿಯಲಿ ಎಂದು ಒಳಗೆ ಹೋಗಿ ಮುದ್ದೆ ಉಂಡೆ.

ಉಂಡು ಬಂದು ನೋಡಿದರೆ ಕುಂಕುಮಗೆಂಪಿನ ಕಾರು ಸುಣ್ಣ ಬಳಿದ ಗೋಡೆಯಾಗಿತ್ತು. ತಮ್ಮ ವ್ಯಾಕ್ಸಿನ ಗಟ್ಟಿತನವನ್ನು ಇಲ್ಲಿ ಮನಸಾರೆ ಹೊಗಳಲೇಬೇಕು. ಉಗುರಿಗೆ ಬರಲಿಲ್ಲ, ಬಟ್ಟೆಗೆ ಬರಲಿಲ್ಲ, ನೀರಿಗೆ ಮೊದಲೇ ಬರಲಿಲ್ಲ. ಕಲ್ಯದ ರಸ್ತೆ ಮಾಡಿದವರಿಗೆ ತಮ್ಮ ಪರಿಚಯ ಇದ್ದಿದ್ದರೆ ಆ ರಸ್ತೆಯನ್ನು ಮೂರು ಸಲ ಮಾಡುವ ಅಗತ್ಯ ಬೀಳುತ್ತಿರಲಿಲ್ಲ. ಅಷ್ಟರಲ್ಲಿ ಆ ದಾರಿಯಾಗಿ ಸೈಕಲ್ಲಿನಲ್ಲಿ ಬಂದ ನನ್ನ ಹಳೆಯ ಜೊತೆಗಾರ ಮುನಿಶಾಮಯ್ಯ ಕಾಲೂರಿ ನಿಂತು, “ಏನ್ಲಾ ಅಂಕ, ಹಬ್ಬ ಇನ್ನೂ ದೂರ ಐತೆ, ಇವಾಗ್ಲೇ ಸುಣ್ಣ ಹೊಡ್ದ್ಬುಟ್ಟಿದ್ದೀಯಲ್ಲ!” ಎಂದು ಹೇಳಿ, ಉತ್ತರಕ್ಕೆ ಕಾಯದೆ ಹೋದ.

ಗಾಬರಿಯಲ್ಲಿ ಮನುಷ್ಯ ತನಗೆ ಚೆನ್ನಾಗಿ ಗೊತ್ತಿರುವ ಕೆಲಸವನ್ನೇ ಮಾಡುತ್ತಾನೆ. ನಾನು ತಾಳೆಗರಿ ತಂದೆ. ಎಡಗಡೆಯ ಹಿಂದಿನ ಬಾಗಿಲ ಮೇಲೆ ಇಟ್ಟು, ಭುಜದ ಬಲವನ್ನೆಲ್ಲ ಹಾಕಿ, ಸುತ್ತು ಸುತ್ತಾಗಿ ಅರ್ಧ ಗಂಟೆ ಒತ್ತಿ ಉಜ್ಜಿದೆ. ವ್ಯಾಕ್ಸ್ ಬಂತು. ಅದರ ಕೆಳಗೆ, ಬಿಸಿಲಿಗೆ ಓರೆಯಾಗಿ ನೋಡಿದಾಗ, ಒಂದರೊಳಗೊಂದು ಕೂಡಿಕೊಂಡ ನೂರಾರು ಸಣ್ಣ ಬಳೆಗಳಂತೆ ಗೀರುಗಳೂ ಕಂಡವು. ಗರಿಯನ್ನು ಕೆಳಗಿಟ್ಟೆ.

ಇಲ್ಲಿ ಒಂದು ಮಾತನ್ನು ತಾವು ಗಮನಿಸಬೇಕು. ಕಾರು ಕೆಟ್ಟರೆ ತಿಮ್ಮಯ್ಯನವರು ನನ್ನನ್ನು ಬಯ್ಯುತ್ತಾರೆಂಬ ಭಯ ನನಗಿರಲಿಲ್ಲ. ಬೈಸಿಕೊಳ್ಳುವ ವಯಸ್ಸು ದಾಟಿದೆ. ಆದರೆ ತವರಿನ ಕಾರು ಅತ್ತೆಮನೆಯ ಅಂಗಳದಲ್ಲಿ ಹಾಳಾದರೆ, ಅದೂ ತಂಗಿಯ ನಿಶ್ಚಿತಾರ್ಥಕ್ಕೆ ಮೂರು ದಿನ ಇರುವಾಗ, ಎರಡೂ ಕಡೆಯ ಮಾತಿನ ನಡುವೆ ನಿಲ್ಲಬೇಕಾದವಳು ನನ್ನ ಸೊಸೆ. ‘ನಿಮ್ಮ ಮಾವ ದೊಡ್ಡ ಕಸುಬುದಾರ ಅಂತಿದ್ದೆಯಲ್ಲ’ ಎಂದು ಕಲ್ಯದಲ್ಲಿ ನೆಂಟರು ಕೇಳುವುದು ಅವಳನ್ನು. ನನ್ನ ಕೈಯ ಬಗ್ಗೆ ಅವಳು ತವರಿನಲ್ಲಿ ಹೇಳಿಕೊಂಡಿದ್ದಳು ಎಂಬುದು ನನಗೆ ಗೊತ್ತಿತ್ತು. ಆ ಮಧ್ಯಾಹ್ನ ಕಾರಿಗಿಂತ ಹೆಚ್ಚಾಗಿ ನನಗೆ ಚಿಂತೆಯಾದದ್ದು ಅದೇ.

ಭಾನುಪ್ರಿಯ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಬಣ್ಣ ಹಾಕಿದ ತಗಡಿನ ಭಾಗಗಳನ್ನು ದೀಪದ ಕೆಳಗೆ ಹಿಡಿದು, ಗೀರು ಇದೆಯೇ ಎಂದು ನೋಡಿ, ಇದ್ದರೆ ಹಿಂದಕ್ಕೆ ಕಳುಹಿಸುವುದು ಅವಳ ಕೆಲಸ. ಇದು ನನಗೆ ಎರಡು ವರ್ಷದಿಂದ ಗೊತ್ತಿದ್ದ ಸಂಗತಿ. ಆದರೂ ಅವಳನ್ನು ಒಂದು ಮಾತು ಕೇಳೋಣ ಎಂದು ನನಗೆ ಹೊಳೆಯದೇ ಇದ್ದದ್ದಕ್ಕೆ ತಮ್ಮ ಕಂಪನಿಯನ್ನು ಹೊಣೆ ಮಾಡಲು ಎಷ್ಟು ಯತ್ನಿಸಿದರೂ ನನ್ನಿಂದ ಆಗಲಿಲ್ಲ.

ಸಂಜೆ ಕಾರ್ಖಾನೆಯ ಬಸ್ಸಿನಿಂದ ಇಳಿದು ಬಂದವಳು ಹೆಗಲ ಚೀಲವನ್ನೂ ಇಳಿಸದೆ ಕಾರಿನ ಸುತ್ತ ಎರಡು ಸಲ ಬಂದಳು. ಎಡಗಡೆಯ ಬಾಗಿಲ ಹತ್ತಿರ ನಿಂತು ಬಗ್ಗಿ ನೋಡಿದಳು.

“ಮಾವ, ಬಿಸ್ಲಲ್ಲಿ ನಿಲ್ಸಿ ಹಾಕುದ್ರಾ?”

“ಹೂಂ ಕಣವ್ವ. ಡಬ್ಬಿ ಮೇಲೇ ಸೂರ್ಯ ಅವ್ನಲ್ಲ.”

“ಒತ್ತುದ್ರಾ?”

“ಒತ್ತದೆ ಹೊಳಪು ಎಲ್ಲಿಂದ ಬತ್ತದವ್ವ?”

ಅವಳು ನಗಲಿಲ್ಲ. “ಲೇತಲ್ಲಿ ಮರ ತಿರುಗ್ತದೆ ಮಾವ, ನಿಮ್ ಕೈ ನಿಂತಿರ್ತದೆ. ಇಲ್ಲಿ ಕಾರು ನಿಂತೈತೆ, ತಿರುಗೋದು ನಿಮ್ ಕೈ. ಅಲ್ಲಿ ಒತ್ತೋ ಹಾಗೆ ಇಲ್ಲಿ ಒತ್ತುದ್ರೆ ಬಣ್ಣ ತಡೀತದಾ?” ಎಂದಳು.

ಮಾನ್ಯರೇ, ತಮ್ಮ ಡಬ್ಬಿಯ ಏಳು ಭಾಷೆಗಳಲ್ಲಿ ಎಲ್ಲಿಯೂ ಇಲ್ಲದ ಈ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ನಾನಂತೂ ಅಲ್ಲಿಯೇ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಅವಳು ಡಬ್ಬಿಯನ್ನು ತೆಗೆದುಕೊಂಡು, ಬೆಲೆಚೀಟಿಯನ್ನು ಉಗುರಿನಿಂದ ಕೆರೆದು, ಕೆಳಗಿದ್ದ ಕನ್ನಡವನ್ನು ದೀಪದ ಹತ್ತಿರ ಹಿಡಿದು ಓದಿದಳು: ‘ನೇರ ಬಿಸಿಲಿನಲ್ಲಿ ಬಳಸಬೇಡಿ. ತೆಳುವಾಗಿ ಹಚ್ಚಿ.’ ಅದರ ಮೇಲ್ಗಡೆ, ಮುಚ್ಚಳದಲ್ಲಿ, ಆ ಸೂರ್ಯ ಹದಿನಾರು ಕಿರಣ ಬೀರುತ್ತಾ ಹಾಗೆಯೇ ಇದ್ದ. ಇದಾದ ಮೇಲೆ ಅವಳು ಫೋನ್ ಹಿಡಿದು ಹಿತ್ತಲಿಗೆ ಹೋದಳು. ಕಾರ್ಖಾನೆಗೆ ರಜೆ ಕೇಳಲು ಇರಬೇಕೆಂದು ನಾನು ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಮತ್ತು ಸಂಜೆ, ಶನಿವಾರ ಅವಳು ರಜೆ ಹಾಕಿ ಇಡೀ ದಿನ, ನನಗೆ ಪಾಠವಾಯಿತು. ತಮ್ಮ ಕಂಪನಿಗೂ ಉಪಯೋಗಕ್ಕೆ ಬರಬಹುದೆಂದು ಅದನ್ನು ಬರೆಯುತ್ತಿದ್ದೇನೆ. ಮೊದಲು ನನ್ನ ಕೈಯಲ್ಲಿದ್ದ ಉಂಗುರವನ್ನು ನೋಡಿ ಅವಳು, “ಅದು ಗೀರ್ತದೆ ಮಾವ,” ಎಂದಳು. ಮದುವೆಯಲ್ಲಿ ಹಾಕಿದ ಆ ಉಂಗುರ ಮೂವತ್ತು ವರ್ಷದಿಂದ ಬೆರಳು ಬಿಟ್ಟಿರಲಿಲ್ಲ. ಕೊಬ್ಬರಿ ಎಣ್ಣೆ ಹಾಕಿ, ತಿರುಗಿಸಿ ತಿರುಗಿಸಿ ಎಳೆದ ಮೇಲೆ ಬಂತು. ಪಕ್ಕದಲ್ಲಿ ನಿಂತಿದ್ದ ದೊಡ್ಡಲಕ್ಷ್ಮಮ್ಮ, “ಪಾಲೀಸ್ ಮಾಡ್ಸಿಕೊಡಿ ಅಂತ ನಾನ್ ಕೇಳ್ದಾಗ ಬರ್ನಿಲ್ಲ, ಬೀಗ್ರ ಕಾರ್‌ಗೆ ಬಂತು ನೋಡು,” ಎಂದು ಅದನ್ನು ತೆಗೆದುಕೊಂಡು ಸೆರಗಿನ ಗಂಟಿಗೆ ಕಟ್ಟಿದಳು. ಉಂಗುರವಾದ ಮೇಲೆ ಕೈಗಡಿಯಾರ, ಅದಾದ ಮೇಲೆ ಸೊಂಟದ ಬೆಲ್ಟು. ಅದರ ಬಕ್ಕಲ್ಲು ಬಾಗಿಲಿಗೆ ತಾಗುತ್ತದಂತೆ.

ಕಾರು ಮತ್ತೆ ತಗಡಿನ ಚಾವಣಿಯ ಕೆಳಗೆ ಹೋಯಿತು. ಮೈ ತಣ್ಣಗಾಗುವವರೆಗೆ ಅದನ್ನು ಮುಟ್ಟಬಾರದೆಂದಳು. ಒಣಗಿ ಹಿಡಿದಿದ್ದ ಹಳೆಯ ವ್ಯಾಕ್ಸಿನ ಮೇಲೆ ಅದೇ ವ್ಯಾಕ್ಸನ್ನು ಹೊಸದಾಗಿ ಒಂದಿಷ್ಟೇ ಹಚ್ಚಿ ಕೂಡಲೇ ಒರೆಸಿದರೆ ಹಳೆಯದು ಮೆತ್ತಗಾಗಿ ಅದರ ಜೊತೆಗೇ ಎದ್ದು ಬರುತ್ತದೆ ಎಂಬುದನ್ನು ಅವಳು ಮಾಡಿ ತೋರಿಸಿದಾಗ, ತಮ್ಮ ವ್ಯಾಕ್ಸಿಗೆ ನಾಚಿಕೆ ಎಂಬುದು ಇದೆಯೆಂದು ತಿಳಿದು ನನಗೆ ಸಮಾಧಾನವಾಯಿತು. ಎರಡು ಅಂಗೈಯಗಲದಷ್ಟು ಜಾಗವನ್ನು ಬಿಡಿಸಲು ಒಂದು ಹಾಡು ಮುಗಿಯುವಷ್ಟು ಹೊತ್ತು ಬೇಕು. ಒಂದು ಕಾರಿನಲ್ಲಿ ಅಂತಹ ಜಾಗ ಎಷ್ಟಿದೆ ಎಂಬುದನ್ನು ತಮ್ಮ ಕಲಾವಿದರು ಲೆಕ್ಕ ಹಾಕಿಕೊಳ್ಳಲಿ. ಪ್ಲಾಸ್ಟಿಕ್ ಪಟ್ಟಿಗಳಲ್ಲಿ ನಿಂತಿದ್ದ ಬಿಳಿ ಕಲೆಗಳನ್ನು ಅವಳು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದಾಗಿ ತೆಗೆದಳು.

ಆಮೇಲೆ ನಿಜವಾದ ಕೆಲಸ. ಸ್ಪಂಜಿನ ಮೂಲೆಗೆ ಕಡಲೆಬೇಳೆಯಷ್ಟು ವ್ಯಾಕ್ಸ್ ತೆಗೆದುಕೊಂಡು, ಒಂದು ಬಾಗಿಲು ಮುಗಿಯುವವರೆಗೆ ಇನ್ನೊಂದು ಬಾಗಿಲನ್ನು ನೋಡದೆ, ಒಂದು ಸುತ್ತು ಇನ್ನೊಂದರ ಮೇಲೆ ಅರ್ಧ ಬೀಳುವ ಹಾಗೆ ಸಣ್ಣ ಸಣ್ಣ ಸುತ್ತುಗಳಲ್ಲಿ ಹಚ್ಚಬೇಕು. ಹಚ್ಚಿದ್ದು ಕಾಣಿಸಿಯೂ ಕಾಣಿಸದ ಹಾಗೆ ಇರಬೇಕು. ಮಂಜು ಕವಿದಂತೆ ಮಬ್ಬಾಗುವವರೆಗೆ ಕಾದು, ಬೆರಳು ಎಳೆದರೆ ಗೆರೆ ಶುಭ್ರವಾಗಿ ಬಂದಾಗ, ನಾಲ್ಕು ಮಡಿಕೆಯ ನುಣುಪು ಬಟ್ಟೆಯಿಂದ ಒರೆಸಬೇಕು. ಬಟ್ಟೆಯ ಒಂದು ಮಗ್ಗುಲು ತುಂಬಿದರೆ ಇನ್ನೊಂದು ಮಗ್ಗುಲು. ಕೈ ಜಾರಿ ಬಟ್ಟೆ ನೆಲಕ್ಕೆ ಬಿದ್ದರೆ ಆ ಬಟ್ಟೆಯ ಕೆಲಸ ಅಂದಿಗೆ ಮುಗಿಯಿತು, ಎಷ್ಟು ಕೊಡವಿದರೂ ಅದು ಮತ್ತೆ ಕಾರಿನ ಹತ್ತಿರ ಬರುವಂತಿಲ್ಲ.

ಇದೆಲ್ಲವನ್ನೂ ನಾನು ಮೊದಲ ಸಲಕ್ಕೇ ತಿಳಿದುಕೊಂಡೆ. ಕೈ ತಿಳಿದುಕೊಳ್ಳಲಿಲ್ಲ. ಮನಸ್ಸು ಬೇರೆ ಕಡೆ ಹೋದ ಕೂಡಲೇ ಅದು ಒತ್ತುತ್ತಿತ್ತು. ಅವಳು ಅತ್ತ ಕಡೆಯಿಂದಲೇ, ನೋಡದೆಯೇ, “ಮಾವ, ಒತ್ತಾ ಇದ್ದೀರ,” ಎನ್ನುತ್ತಿದ್ದಳು. ಹೇಗೆ ಗೊತ್ತಾಯಿತೆಂದರೆ, ಸದ್ದು ಬದಲಾಗುತ್ತದಂತೆ. ಕೊನೆಗೆ ಬಂದು ನನ್ನ ಕೈಯ ಎರಡು ಬೆರಳನ್ನು ಸ್ಪಂಜಿನಿಂದ ಬಿಡಿಸಿ, ಮೂರನ್ನು ಮಾತ್ರ ಉಳಿಸಿ, “ಕೂಸಿಗೆ ಪೌಡರ್ ಹಾಕೋಹಂಗೆ ಮಾವ, ಅಷ್ಟೇಯ,” ಎಂದಳು. ಲೋಕೇಶ ಕೂಸಾಗಿದ್ದಾಗ ಅವನಿಗೆ ಪೌಡರ್ ಹಾಕಿದ್ದು ಯಾರೆಂದು ದೊಡ್ಡಲಕ್ಷ್ಮಮ್ಮ ಹೊಸಿಲ ಮೇಲಿನಿಂದಲೇ ಕೇಳಿದಳು. ನಾನು ಮೂರು ಬೆರಳಿನಲ್ಲಿ ಸ್ಪಂಜು ಹಿಡಿದು ಕಾರಿನ ಕಡೆಗೆ ತಿರುಗಿದೆ. ಅದಾದ ಮೇಲೆ ಒಂದು ಬಾಗಿಲು, ನನ್ನ ಕೈಯಿಂದಲೇ, ಸದ್ದಿಲ್ಲದೆ ಮುಗಿಯಿತು.

ಶನಿವಾರ ಸಂಜೆಯ ಹೊತ್ತಿಗೆ ಕಾರಿನ ಮೈಯಲ್ಲಿ ಎದುರುಮನೆಯ ತೆಂಗಿನಮರ ಗರಿಗರಿಯಾಗಿ ಕಾಣುತ್ತಿತ್ತು. ಎಡಗಡೆಯ ಹಿಂದಿನ ಬಾಗಿಲಿನಲ್ಲಿ ಮಾತ್ರ ನನ್ನ ಬಳೆಗಳು ಉಳಿದಿದ್ದವು. ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ, ಪಾಲಿಶ್ ಬಣ್ಣವನ್ನೇ ಒಂದು ಪದರ ಸವೆಸಿ ಗೀರು ತೆಗೆಯುತ್ತದೆ, ವ್ಯಾಕ್ಸ್ ಮೇಲೆ ಕುಳಿತು ಕಾಯುತ್ತದೆ, ಅಷ್ಟೇ ಎಂಬುದನ್ನು ನಾನು ಅಂದು ತಿಳಿದೆ. ಹನ್ನೆರಡು ವರ್ಷದ ಬಣ್ಣವನ್ನು ಅವಸರದಲ್ಲಿ ಸವೆಸುವುದು ಬೇಡವೆಂದಳು ಭಾನುಪ್ರಿಯ. “ನೆರಳಲ್ಲಿ ಕಾಣಲ್ಲ ಮಾವ. ಬಿಸ್ಲಿಗೆ ಬಂದ್ರೆ ಕಾಣ್ತದೆ.”

ಆದ್ದರಿಂದ ಭಾನುವಾರ ಮಾಗಡಿಯಲ್ಲಿ, ಲೋಕೇಶ ಕಲ್ಯದಿಂದ ಕರೆತಂದ ಸುಮನಾ ಇಳಿದು ಒಳಗೆ ಹೋದ ಕೂಡಲೇ, ಕಾರಿನ ಎಡಭಾಗ ಛತ್ರದ ಕಾಂಪೌಂಡ್ ಗೋಡೆಗೆ ಬರುವಂತೆ ನಿಲ್ಲಿಸಲು ಅವನಿಗೆ ಹೇಳಿದೆ. ಮೊದಲೇ ಛತ್ರಕ್ಕೆ ಬಂದಿದ್ದ ತಿಮ್ಮಯ್ಯನವರು ಹೊರಗೆ ಬಂದು, ಕಾರಿನ ಸುತ್ತ ನಡೆದು, ಬಾನೆಟ್ಟಿನಲ್ಲಿ ತಮ್ಮ ಪೇಟ ನೋಡಿಕೊಂಡು, “ಇದು ನನ್ ಕಾರೇನ್ರಪ್ಪಾ?” ಎಂದರು. ನಾನು ಉಬ್ಬಿದೆ. ಅವರು ಅಷ್ಟಕ್ಕೆ ನಿಲ್ಲಿಸಲಿಲ್ಲ. “ಈ ಹೊಳಪ್ನ ಗೋಡೆಗೆ ತೋರ್ಸೋಕಾ ಬೀಗ್ರೇ ನೀವು ಇಷ್ಟು ಕಷ್ಟ ಬಿದ್ದಿದ್ದು? ಲೇ ಲೋಕೇಶ, ತಿರುಗ್ಸಪ್ಪಾ. ಬಿಸ್ಲಿಗೆ ನಿಲ್ಸು, ಗಂಡಿನ್ ಕಡೆಯವ್ರು ನೋಡ್ಲಿ.” ಕಾರು ತಿರುಗಿತು. ಎಡಗಡೆಯ ಹಿಂದಿನ ಬಾಗಿಲು ಸರಿಯಾಗಿ ಸೂರ್ಯನಿಗೆ ಎದುರಾಯಿತು.

ನಾನು ಹೋಗಿ ಆ ಬಾಗಿಲಿಗೆ ಅಡ್ಡ ನಿಂತೆ.

ಬೆಳಿಗ್ಗೆ ಹತ್ತೂವರೆಯಿಂದ ನಿಂತೆ. ಒಳಗೆ ವಾದ್ಯ ಕೇಳಿಸಿತು, ನಿಂತೆ. ಲಗ್ನಪತ್ರಿಕೆ ಓದಿದ್ದು ಕೇಳಿಸಿತು, ನಿಂತೆ. ಸೂರ್ಯ ಮೇಲೇರಿದಂತೆಲ್ಲ ಬಾಗಿಲ ಯಾವ ಮೂಲೆ ಹೊಳೆಯುತ್ತದೋ ಆ ಮೂಲೆಗೆ ಪಂಚೆಯ ಅಂಚನ್ನು ಸರಿಸಿಕೊಂಡೆ. ಗಂಡಿನ ಕಡೆಯ ಹೆಂಗಸೊಬ್ಬರು ತಮ್ಮ ಕಾರಿನ ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿ, “ಡ್ರೈವರಣ್ಣ, ನಮ್ದನ್ನೂ ಒಸಿ ನೆಳ್ಳಿಗೆ ಹಾಕಿಬುಡಿ,” ಎಂದು ಒಳಗೆ ಹೋದರು. ತಿಮ್ಮಯ್ಯನವರು ಒಮ್ಮೆ ಮಜ್ಜಿಗೆ ತಂದುಕೊಟ್ಟರು. ಇನ್ನೊಮ್ಮೆ ಕುರ್ಚಿ ತರಿಸಿ, “ಕೂತ್ಕಳಿ ಬೀಗ್ರೇ, ಕಾರ್‌ಗೇನು ರೆಕ್ಕೆ ಐತಾ?” ಎಂದರು. ಕುಳಿತರೆ ಬಾಗಿಲ ಮೇಲ್ಭಾಗ ಕಾಣುತ್ತದೆಂದು ನಾನು ಕುಳಿತುಕೊಳ್ಳಲಿಲ್ಲ. ಕಾಲುನೋವಿಗೆ ನಿಂತಿರುವುದೇ ಒಳ್ಳೆಯದೆಂದು ವೈದ್ಯರು ಹೇಳಿದ್ದಾರೆ ಎಂದೆ. ಇಲ್ಲಿ ವೈದ್ಯರ ಕ್ಷಮೆ ಕೋರುತ್ತೇನೆ. ಒಂದು ಗಂಟೆಗೆ ಬೀಗರು ಮೂರನೆಯ ಸಲ ಬಂದು, “ಎಲೆ ಹಾಕವ್ರೆ, ನೀವು ಬರ್ದೆ ನಾನು ಕೂರಾಕಿಲ್ಲ,” ಎಂದರು.

ಬೀಗರನ್ನು ಹಸಿವಿನಲ್ಲಿ ನಿಲ್ಲಿಸುವಷ್ಟು ದೊಡ್ಡ ಬಾಗಿಲು ಅದಾಗಿರಲಿಲ್ಲ. “ಬೀಗ್ರೇ, ನನ್ನಿಂದ ಒಂದ್ ತಪ್ಪಾಗೈತೆ. ನಿಮ್ ಮಗಳದ್ದೇನೂ ಇಲ್ಲ ಇದ್ರಲ್ಲಿ,” ಎಂದು ಪಕ್ಕಕ್ಕೆ ಸರಿದೆ. ಬಳೆಗಳೆಲ್ಲ ಒಟ್ಟಿಗೆ ಮಿಂಚಿದವು.

ತಿಮ್ಮಯ್ಯನವರು ಕನ್ನಡಕ ಹಾಕಿಕೊಂಡರು. ಬಗ್ಗಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವರ ಹೆಗಲು ಕುಲುಕಲಾರಂಭಿಸಿತು. ಅಳುತ್ತಿದ್ದಾರೇನೋ ಎಂದುಕೊಂಡೆ. ನಗುತ್ತಿದ್ದರು.

“ಎಲ್ಡೂವರೆ ಗಂಟೆ ನಿಂತ್ರಲ್ಲ ಬೀಗ್ರೇ! ಅರ್ಧ ಗಂಟೇಗೆ ಒಪ್ಕಂಬುಡ್ತೀರ ಅಂದ್ಕಂಡು ನಾನು ಬಿಸ್ಲಿಗೆ ತಿರುಗ್ಸಿದ್ದು. ನಿಮ್ಮ ಹಟ ನೋಡಿ ನಂಗೇ ಪಾಪ ಅನ್ನಿಸ್ಬುಡ್ತು.”

ಗುರುವಾರ ಸಂಜೆ ಹಿತ್ತಲಿನಿಂದ ಭಾನುಪ್ರಿಯ ಫೋನ್ ಮಾಡಿದ್ದು ಕಾರ್ಖಾನೆಗಲ್ಲ, ಕಲ್ಯಕ್ಕೆ. ಅವಳು ಹೇಳಿದ ಮಾತನ್ನು ತಿಮ್ಮಯ್ಯನವರು ಅವಳ ದನಿಯಲ್ಲೇ ಹೇಳಿ ತೋರಿಸಿದರು: “ಅಪ್ಪಾ, ಮಾವ ಕಾರ್‌ನ ಒಸಿ ಕೆಡಿಸವ್ರೆ, ನಾನು ಸರಿ ಮಾಡಿಸ್ತೀನಿ. ಅವ್ರಾಗೇ ಹೇಳೋಗಂಟ ನೀನು ಬಾಯಿ ಬುಡಬ್ಯಾಡ. ಅವ್ರ ಕೈಗೆ ಬೈಬ್ಯಾಡ, ಬೈಯೋದಾದ್ರೆ ಆ ಡಬ್ಬಿಗೆ ಬೈ.” ಇಷ್ಟನ್ನೂ ತಿಳಿದು ಮೂರು ದಿನ ಸುಮ್ಮನಿದ್ದು, ನಾಲ್ಕನೆಯ ದಿನ ನನ್ನನ್ನು ಬಿಸಿಲಿಗೆ ಹಾಕಿದವರು ನನ್ನ ಬೀಗರು. ನಾನು ಕಾರನ್ನು ಬಿಸಿಲಿಗೆ ಹಾಕಿದ್ದೆ, ಅದಕ್ಕೆ ಇದು ಸರಿಹೋಯಿತೆಂದು ಅವರ ವಾದ.

ಊಟದ ಎಲೆಯ ಮುಂದೆ ದಂಡ ತೀರ್ಮಾನವಾಯಿತು. “ಪೇಪರ್‌ಗೆಲ್ಲ ಬರೀತೀರಲ್ಲ, ಆ ಡಬ್ಬಿಯವ್ರಿಗೊಂದ್ ಕಾಗ್ದ ಬರೀರಿ. ಅವ್ರ ತಪ್ಪೂ ಬರೀರಿ, ನಿಮ್ ತಪ್ಪೂ ಬರೀರಿ. ಒಂದೂ ಮುಚ್ಬಾರ್ದು. ಅಂಚೆಗೆ ಹಾಕೋಕೆ ಮುಂಚೆ ನಾನು ಓದ್ಬೇಕು.” ಭಾನುಪ್ರಿಯ ನನ್ನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿ, ಏನೂ ಕೇಳಿಸಿಕೊಳ್ಳದವಳಂತೆ ಮುಂದೆ ಹೋದಳು.

ಇಂತಹ ಸಂದರ್ಭದಲ್ಲಿ ಬರೆಯಬೇಕಾಗಿ ಬಂದ ಈ ಪತ್ರದ ಮೂಲಕ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳನ್ನು ಇಡುತ್ತೇನೆ. ಮುಚ್ಚಳದ ಮೇಲಿನ ಸೂರ್ಯನನ್ನು ದಯವಿಟ್ಟು ಮುಳುಗಿಸಿ. ಅವನಿಲ್ಲದೆ ಡಬ್ಬಿ ಮಾರಾಟವಾಗುವುದಿಲ್ಲ ಎಂದಾದರೆ, ಅವನ ಮತ್ತು ಕಾರಿನ ನಡುವೆ ಒಂದು ಹೊಂಗೆಮರ ನೆಡಿಸಿ, ಮರ ಬೆಳೆಯುವವರೆಗೆ ಕಾದು ಆಮೇಲೆ ಮುದ್ರಿಸಿ. ಕನ್ನಡದ ಎರಡು ಸಾಲುಗಳನ್ನು, ಅರವತ್ತರ ಮನುಷ್ಯ ಕನ್ನಡಕ ಹುಡುಕದೆ ಓದುವ ಅಳತೆಯಲ್ಲಿ, ಯಾವ ಅಂಗಡಿಯವರ ಚೀಟಿಗೂ ಅಂಟು ಹತ್ತದ ಜಾಗದಲ್ಲಿ ಹಾಕಿಸಿ. ‘ತೆಳುವಾಗಿ’ ಎಂದರೆ ಎಷ್ಟು ಎಂದು ತಿಳಿಸಿ. ನಮ್ಮ ಮನೆಯಲ್ಲಿ ದೊಡ್ಡಲಕ್ಷ್ಮಮ್ಮ ತಟ್ಟುವ ರಾಗಿರೊಟ್ಟಿಯನ್ನೂ ನಾವು ತೆಳು ಎಂದೇ ಕರೆಯುತ್ತೇವೆ. ಬೇರೇನೂ ಕರೆಯುವ ಧೈರ್ಯ ನಮಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಡಬ್ಬಿಯ ಜೊತೆಗೆ ಬಣ್ಣ ನೋಡಲು ಬಲ್ಲ, ಮಾವನ ಮಾನ ಕಾಯಲು ಬಲ್ಲ ಒಬ್ಬ ಸೊಸೆಯನ್ನೂ ಕಳುಹಿಸಿಕೊಡಬೇಕು. ಅಷ್ಟು ಜನರನ್ನು ಒದಗಿಸುವುದು ತಮ್ಮ ಕಾರ್ಖಾನೆಗೆ ಆಗದ ಕೆಲಸ ಎಂದಾದರೆ, ‘ಕೂಸಿಗೆ ಪೌಡರ್ ಹಾಕುವ ಹಾಗೆ’ ಎಂಬಷ್ಟನ್ನಾದರೂ ಅಚ್ಚು ಹಾಕಿಸಿ. ಉಳಿದ ಆರು ಭಾಷೆಯವರಿಗೂ ಅನುಕೂಲವಾಗುತ್ತದೆ, ಕೂಸುಗಳು ಎಲ್ಲರ ಮನೆಯಲ್ಲಿಯೂ ಇವೆ.

ಈ ಪತ್ರದ ಕರಡನ್ನು ತಿಮ್ಮಯ್ಯನವರು ಕಲ್ಯದಲ್ಲಿ ಜಗಲಿಯ ಮೇಲೆ ಕುಳಿತು ಪೂರ್ತಿ ಓದಿದರು. ಒಂದೇ ಒಂದು ಕಡೆ ಅಡ್ಡಗೆರೆ ಎಳೆದರು. ಎಡಗಡೆಯ ಬಾಗಿಲನ್ನು ಯಂತ್ರದಿಂದ ಪಾಲಿಶ್ ಮಾಡಿಸಿ ಗೀರು ತೆಗೆಸಿಕೊಡುತ್ತೇನೆ ಎಂದು ನಾನು ಬರೆದಿದ್ದ ಸಾಲು ಅದು. “ಅದ್ನ ಮುಟ್ಬ್ಯಾಡಿ. ಅದ್ನ ನೋಡಿದ್ರೆ ನೀವು ಬಿಸ್ಲಲ್ಲಿ ನಿಂತಿದ್ದು ನೆಪ್ಪಾಯ್ತದೆ,” ಎಂದರು. ಅವರು ನನ್ನನ್ನು ಅಣಕಿಸಲು ಅದನ್ನು ಉಳಿಸಿಕೊಂಡಿದ್ದಾರೋ, ಇನ್ನೇನಕ್ಕೋ ತಿಳಿಯದು. ಹೊಲಕ್ಕೆ ಹೋಗುವ ಮುಂಚೆ ದಿನವೂ ಆ ಬಾಗಿಲನ್ನೇ ಮೊದಲು ಒರೆಸುತ್ತಾರೆಂದು ಸುಮನಾ ಹೇಳಿದಳು. ಒತ್ತದೆ ಒರೆಸುತ್ತಾರಂತೆ.

ಇಷ್ಟೆಲ್ಲ ಆದ ಮೇಲೂ, ಡಬ್ಬಿಯ ತಳದಲ್ಲಿ ಇನ್ನೂ ಒಂದಿಷ್ಟು ಉಳಿದಿರುವುದರಿಂದ,

ತಮ್ಮ ವಿಶ್ವಾಸಿಯೇ ಆಗಿರುವ
ಅಂಕಯ್ಯ
ಬೊಂಬೆ ಕೆಲಸಗಾರ, ಚನ್ನಪಟ್ಟಣ

ಮರೆತ ಮಾತು: ಮುಚ್ಚಳದ ಮೇಲಿನ ಮಹನೀಯರನ್ನು ಭೂತಗನ್ನಡಿ ಹಿಡಿದು ನೋಡಿದೆ. ಎಡಗೈಗೆ ಗಡಿಯಾರ, ಬಟ್ಟೆ ಹಿಡಿದ ಬಲಗೈಗೆ ಎರಡು ಉಂಗುರ, ಸೊಂಟದಲ್ಲಿ ನನ್ನದಕ್ಕಿಂತ ದೊಡ್ಡ ಬಕ್ಕಲ್ಲು. ಅವರು ಆ ಕಾರನ್ನು ಒಮ್ಮೆಯೂ ಒರೆಸಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅವರಿಗೆ ಬಿಡುವಿದ್ದರೆ ಒಂದು ಭಾನುವಾರ ಚನ್ನಪಟ್ಟಣಕ್ಕೆ ಕಳುಹಿಸಿಕೊಡಿ. ನಿಶ್ಚಿತಾರ್ಥದಲ್ಲಿ ನೋಡಿಹೋದ ತಿಪ್ಪಸಂದ್ರದ ನೆಂಟರ ಎರಡು ಕಾರುಗಳು ಈಗಾಗಲೇ ನಮ್ಮ ಚಾವಣಿಯ ಕೆಳಗೆ ಬಂದು ನಿಂತಿವೆ. ನನ್ನ ಸೊಸೆ ಕಲಿಸುತ್ತಾಳೆ. ಉಂಗುರ ಕಳಚಲು ಕೊಬ್ಬರಿ ಎಣ್ಣೆ ನಮ್ಮಲ್ಲೇ ಇದೆ, ಬಾಟಲಿ ಬಾಗಿಲ ಪಕ್ಕದ ಗೂಡಿನಲ್ಲಿದೆ. ಅವರು ಬಂದದ್ದು ಮಾತ್ರ ನಮಗೆ ಗೊತ್ತಾಗದೆ ಹೋಗಬಹುದು, ಕೂಗಿ ಕರೆಯಲು ಹೇಳಿ. ಆ ಬಾಗಿಲು ಈಗ ಕಿರುಗುಟ್ಟುವುದಿಲ್ಲ.